ಸಹಿ ಹಾಕುವವರು ಒಬ್ಬರು, ಸಿಸ್ಟಮ್ ಬಳಸುವವರು ಇನ್ನೊಬ್ಬರು: ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಹೇಗಿದೆ?

ಕೋಡ್_ಬರೆಯುವವನು

ಎಲ್ಲರಿಗೂ ನಮಸ್ಕಾರ. ಕಂಪನಿಗಳಿಗೆ ಖರೀದಿ, ದಾಸ್ತಾನು, ಬಿಲ್ಲಿಂಗ್ ಸಿಸ್ಟಮ್ ಮಾಡಿಕೊಡುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಬಹಳ ದಿನದಿಂದ ಕೊರೆಯುತ್ತಿರುವ ಒಂದು ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಮಾಡಿದ ಎರಡು ಪ್ರಾಜೆಕ್ಟ್‌ಗಳನ್ನು ತೆಗೆದುಕೊಳ್ಳಿ. ಅದೇ ತಂಡ, ಅದೇ ತಂತ್ರಜ್ಞಾನ, ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ಒಂದು ಕಡೆ ಸಿಸ್ಟಮ್ ಶುರುವಾದ ಸ್ವಲ್ಪ ದಿನಕ್ಕೇ ಜನ ಹಳೆಯ ಎಕ್ಸೆಲ್ ಫೈಲ್‌ಗಳನ್ನು ಬಿಟ್ಟರು. ಇನ್ನೊಂದು ಕಡೆ ಎಲ್ಲರಿಗೂ ಲಾಗಿನ್ ಇದೆ, ಆದರೆ ನಿಜವಾದ ಕೆಲಸ ಈಗಲೂ ಎಕ್ಸೆಲ್‌ನಲ್ಲೇ. ಸಂಜೆ ಒಬ್ಬರು ಕುಳಿತು ಅದನ್ನೆಲ್ಲ ಸಿಸ್ಟಮ್‌ಗೆ ತುಂಬುತ್ತಾರೆ. ಕೋಡ್ ಎರಡರಲ್ಲೂ ಚೆನ್ನಾಗಿಯೇ ಇದೆ. ಟೆಸ್ಟ್‌ಗಳೂ ಪಾಸ್. ಎರಡನೆಯದರ ರಿಕ್ವೈರ್‌ಮೆಂಟ್ ದಾಖಲೆಯಂತೂ (ಸಿಸ್ಟಮ್ ಏನೇನು ಮಾಡಬೇಕು ಅಂತ ಬರೆದಿಟ್ಟದ್ದು) ಇನ್ನೂ ದಪ್ಪ, ಪ್ರತಿ ಪುಟಕ್ಕೂ ಸಹಿ ಇದೆ.

ನನಗೆ ಕಾಣುವ ವ್ಯತ್ಯಾಸ ಒಂದೇ. ಮೊದಲನೆಯದರಲ್ಲಿ ಸ್ಟೋರ್ ನೋಡಿಕೊಳ್ಳುವವರು ನಮಗೆ ನೇರವಾಗಿ ಫೋನ್ ಮಾಡುತ್ತಿದ್ದರು. "ಈ ಸ್ಕ್ರೀನ್ ಹೀಗಿದ್ದರೆ ನನ್ನ ಕೆಲಸ ಆಗಲ್ಲ" ಅನ್ನುತ್ತಿದ್ದರು. ಯಾಕೆ ಆಗಲ್ಲ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಎರಡನೆಯದರಲ್ಲಿ ಬಳಸುವವರ ಮಾತು ಅವರ ವಿಭಾಗದ ಮುಖ್ಯಸ್ಥರಿಗೆ, ಅಲ್ಲಿಂದ ಅವರ ಐಟಿ ವಿಭಾಗಕ್ಕೆ, ಅಲ್ಲಿಂದ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹೋಗಿ ಕೊನೆಗೆ ನಮಗೆ ಬರುತ್ತಿತ್ತು. ಬರುವಾಗ ಅದು ಎರಡು ಸಾಲಿನ ಟಿಕೆಟ್ (ದೂರಿನ ನಮೂದು) ಆಗಿರುತ್ತಿತ್ತು. "ಬಟನ್ ಸೇರಿಸಿ." ಕಾರಣ ದಾರಿಯಲ್ಲೇ ಬಿದ್ದುಹೋಗಿರುತ್ತಿತ್ತು.

ಹಾಗಾಗಿ ನನ್ನ ವಾದ ಇಷ್ಟು. ದಿನಾ ಸಿಸ್ಟಮ್ ಬಳಸುವವರು "ಇದು ತಪ್ಪು" ಅಂತ ಅದನ್ನು ಬದಲಾಯಿಸಬಲ್ಲವರಿಗೆ ಎಷ್ಟು ಸಲೀಸಾಗಿ ಹೇಳಬಹುದು? ಪ್ರಾಜೆಕ್ಟ್ ನಿಲ್ಲುವುದೂ ಬೀಳುವುದೂ ಇದರ ಮೇಲೆ. ದಾಖಲೆ, ವಿಧಾನ, ಟೂಲ್ ಎಲ್ಲ ಆಮೇಲಿನ ಮಾತು. ಒಪ್ಪುತ್ತೀರಾ? ಒಪ್ಪದಿದ್ದರೆ ಯಾಕೆ ಅಂತ ಬರೆಯಿರಿ.

ಲೆಕ್ಕದ_ಮನೆ

ನಾನು ಖಾತೆ ವಿಭಾಗದವಳು. ಬಳಸುವವರ ಕಡೆಯಿಂದ ಹೇಳುತ್ತೇನೆ.

ರಿಕ್ವೈರ್‌ಮೆಂಟ್ ಮೀಟಿಂಗ್‌ಗೆ ಹೋಗುವುದು ನಮ್ಮ ಮ್ಯಾನೇಜರ್. ಅವರು ಕೈಯಾರೆ ಎಂಟ್ರಿ ಹಾಕಿ ವರ್ಷಗಳೇ ಆಗಿವೆ. ಅವರು ಸುಳ್ಳು ಹೇಳುವುದಿಲ್ಲ, ಕೆಲಸ ಹೇಗೆ ನಡೆಯಬೇಕೋ ಹಾಗೆ ಹೇಳುತ್ತಾರೆ. ಮೊದಲು ಆರ್ಡರ್, ಆಮೇಲೆ ಸರಕು, ಆಮೇಲೆ ಬಿಲ್, ಕೊನೆಗೆ ಪಾವತಿ. ನಮ್ಮ ಟೇಬಲ್‌ಗೆ ಬರುವುದು ಬೇರೆ. ಸರಕು ಬರುವ ಮೊದಲೇ ಬಿಲ್ ಬಂದಿರುತ್ತದೆ. ನೂರು ಪೆಟ್ಟಿಗೆಗೆ ಆರ್ಡರ್ ಇದ್ದರೆ ಅರವತ್ತು ಬಂದಿರುತ್ತದೆ, ಬಿಲ್ ಮಾತ್ರ ನೂರಕ್ಕೆ. ಮುಂಗಡ ಕೊಟ್ಟಿದ್ದು ಯಾವ ಆರ್ಡರ್‌ಗೆ ಅಂತ ಯಾರಿಗೂ ನೆನಪಿರುವುದಿಲ್ಲ. ನಮ್ಮ ದಿನದ ಬಹುಪಾಲು ಹೋಗುವುದು ಇವುಗಳಲ್ಲೇ. ಡೆಮೊದಲ್ಲಿ ಇವು ಯಾವುದೂ ಇರುವುದಿಲ್ಲ.

ಆಮೇಲೆ ಡೆಮೊ ಮುಗಿಸಿ ಎಲ್ಲರ ಮುಂದೆ "ಓಕೆ ಅಲ್ವಾ?" ಅಂತ ಕೇಳುತ್ತಾರೆ. ಬಾಸ್ ಪಕ್ಕದಲ್ಲೇ ಇರುತ್ತಾರೆ. ಯಾರು ತಾನೇ ಇಲ್ಲ ಅನ್ನುತ್ತಾರೆ? ತಪ್ಪು ಎತ್ತಿ ತೋರಿಸಿದರೆ "ಇವರಿಗೆ ಕಂಪ್ಯೂಟರ್ ಬರಲ್ಲ, ಬದಲಾವಣೆ ಬೇಡ ಅನ್ನುತ್ತಾರೆ" ಎಂಬ ಹೆಸರು ಬೇರೆ ಬರುತ್ತದೆ.

ಯುಎಟಿ, ಅಂದರೆ ಸಿಸ್ಟಮ್ ಒಪ್ಪಿಕೊಳ್ಳುವ ಮೊದಲು ಬಳಸುವವರು ಮಾಡುವ ಪರೀಕ್ಷೆ, ಅದರ ಬಗ್ಗೆಯೂ ಒಂದು ಮಾತು. ನಮಗೆ ಕೊಡುವುದು ಸ್ಕ್ರಿಪ್ಟ್. ಇಲ್ಲಿ ಒತ್ತಿ, ಇದನ್ನು ಟೈಪ್ ಮಾಡಿ, ಇದು ಬರಬೇಕು. ಅದು ಬಂದೇ ಬರುತ್ತದೆ, ಅವರೇ ಬರೆದಿದ್ದಲ್ಲವೇ! ನಮ್ಮ ಹೋದ ತಿಂಗಳ ಬಿಲ್‌ಗಳನ್ನು ಹಾಕಿ ನೋಡಲು ಬಿಟ್ಟರೆ ಅರ್ಧ ದಿನದಲ್ಲಿ ಎಲ್ಲ ಹೊರಗೆ ಬೀಳುತ್ತದೆ.

ಒಮ್ಮೆ ಮಾತ್ರ ಬೇರೆ ರೀತಿ ಆಯಿತು. ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊತ್ತಿಗೆ ಒಬ್ಬ ಡೆವಲಪರ್ ಹುಡುಗಿ ಬಂದು ನನ್ನ ಪಕ್ಕ ಕುಳಿತಳು. ಮೊದಲು ಏನೂ ಕೇಳಲಿಲ್ಲ, ಸುಮ್ಮನೆ ನೋಡಿದಳು. ನಾನು ಒಂದು ನೋಟ್‌ಬುಕ್‌ನಲ್ಲಿ ಏನೋ ಬರೆಯುತ್ತಿರುವುದನ್ನು ಕಂಡು "ಅದೇನು ಮೇಡಂ?" ಅಂದಳು. ತಡೆಹಿಡಿದ ಬಿಲ್‌ಗಳ ಪಟ್ಟಿ ಅದು. ಯಾವ ಬಿಲ್ ಯಾಕೆ ನಿಂತಿದೆ, ಯಾರು ಉತ್ತರ ಕೊಡಬೇಕು ಎಂಬುದು ಅದರಲ್ಲಿರುತ್ತದೆ. ಯಾವ ದಾಖಲೆಯಲ್ಲೂ ಆ ನೋಟ್‌ಬುಕ್ ಇರಲಿಲ್ಲ. ಅದೇ ಆಮೇಲೆ ಒಂದು ಸ್ಕ್ರೀನ್ ಆಯಿತು. ಈಗ ನಮ್ಮ ವಿಭಾಗದಲ್ಲಿ ಬೆಳಗ್ಗೆ ಎಲ್ಲರೂ ಮೊದಲು ತೆರೆಯುವುದು ಆ ಸ್ಕ್ರೀನ್.

ಇಆರ್‌ಪಿ_ಹಳಬ

ಮೇಡಂ ಹೇಳಿದ್ದು ಪೂರ್ತಿ ನಿಜ. ಆದರೆ ಮೂಲ ಪೋಸ್ಟ್‌ನ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬಳಕೆದಾರರನ್ನು ಹತ್ತಿರ ಕೂರಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಅಪಾಯಕಾರಿ ನಂಬಿಕೆ.

ಅಮೆರಿಕದ ಎಫ್‌ಬಿಐ ತನ್ನ ತನಿಖಾ ಕಡತಗಳಿಗಾಗಿ ವರ್ಚುವಲ್ ಕೇಸ್ ಫೈಲ್ ಎಂಬ ಸಿಸ್ಟಮ್ ಮಾಡಿಸುತ್ತಿತ್ತು. 2005ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಸುಮಾರು 17 ಕೋಟಿ ಡಾಲರ್ ಖರ್ಚಾಗಿತ್ತು. ಅಲ್ಲಿ ಬಳಸುವವರನ್ನು ಕೇಳಲಿಲ್ಲ ಅನ್ನುವ ಹಾಗಿಲ್ಲ. ಏಜೆಂಟರೂ ಡೆವಲಪರ್‌ಗಳೂ ತಿಂಗಳುಗಟ್ಟಲೆ ಒಟ್ಟಿಗೆ ಕುಳಿತಿದ್ದರು. ಅದರಿಂದ ಬಂದ ರಿಕ್ವೈರ್‌ಮೆಂಟ್ ದಾಖಲೆ 800 ಪುಟ ದಾಟಿತ್ತು. ಏನು ಬೇಕು ಅನ್ನುವುದನ್ನು ಬಿಟ್ಟು ಸ್ಕ್ರೀನ್ ಹೇಗಿರಬೇಕು, ಬಟನ್ ಎಲ್ಲಿರಬೇಕು ಅನ್ನುವ ಮಟ್ಟಕ್ಕೆ ಹೋಗಿದ್ದರು. ಅದೂ ನಿಲ್ಲಲಿಲ್ಲ, ಬದಲಾಗುತ್ತಲೇ ಇತ್ತು. ಪ್ರಾಜೆಕ್ಟ್ ನಡೆಸುವವರೂ ಮೇಲಿಂದ ಮೇಲೆ ಬದಲಾದರು. "ಸಾಕು, ಮೊದಲು ಇಷ್ಟು ಮಾಡೋಣ" ಅನ್ನುವವರು ಯಾರೂ ಇರಲಿಲ್ಲ.

ಇನ್ನೊಂದು ಜರ್ಮನಿಯ ಲಿಡ್ಲ್ ಅಂಗಡಿಗಳ ಕಥೆ. ಸ್ಯಾಪ್ ಕಂಪನಿಯ ಸಿದ್ಧ ಸಾಫ್ಟ್‌ವೇರ್ ಪ್ಯಾಕೇಜ್ ಹಾಕಲು ಹೊರಟು 2018ರಲ್ಲಿ ನಿಲ್ಲಿಸಿದರು. ಖರ್ಚು ಸುಮಾರು 50 ಕೋಟಿ ಯೂರೋ ಅಂತ ವರದಿಯಾಗಿತ್ತು. ಕಾರಣಗಳಲ್ಲಿ ಮುಖ್ಯವಾಗಿ ಹೇಳಿದ್ದು ಇದು: ಲಿಡ್ಲ್ ತನ್ನ ದಾಸ್ತಾನನ್ನು ಖರೀದಿ ಬೆಲೆಯ ಮೇಲೆ ಲೆಕ್ಕ ಹಾಕುತ್ತಿತ್ತು, ಪ್ಯಾಕೇಜ್ ಮಾರಾಟ ಬೆಲೆಯ ಮೇಲೆ. ತಮ್ಮ ರೂಢಿ ಬಿಡಲು ಲಿಡ್ಲ್ ಸಿದ್ಧವಿರಲಿಲ್ಲ. ಹಾಗಾಗಿ ಪ್ಯಾಕೇಜನ್ನೇ ಬಗ್ಗಿಸುತ್ತಾ ಹೋದರು.

ನಾನು ಇಷ್ಟು ವರ್ಷ ಇಆರ್‌ಪಿ (ಕಂಪನಿಯ ಎಲ್ಲ ವಿಭಾಗಗಳ ಕೆಲಸವನ್ನು ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಅಳವಡಿಸುತ್ತಾ ಕಂಡಿದ್ದೂ ಇದನ್ನೇ. ಬಳಕೆದಾರರು ಕೇಳುವುದು ಬಹಳ ಸಲ ಹಳೆಯ ಸಿಸ್ಟಮ್ಮಿನ ನಕಲನ್ನು. ಅವರ ಮಾತಿಗೆಲ್ಲ ಹೂಂ ಅನ್ನುವ ಡೆವಲಪರ್ ಅವರಿಗೆ ಒಳ್ಳೆಯದು ಮಾಡುತ್ತಿಲ್ಲ. ಮುಂದೆ ಪ್ರತಿ ಅಪ್‌ಗ್ರೇಡ್‌ನಲ್ಲೂ ಆ ಬದಲಾವಣೆಗಳ ಭಾರ ಕಂಪನಿಯ ಮೇಲೇ ಬೀಳುತ್ತದೆ.

ನಡುವಿನ_ಬಿಎ

ಬಿಸಿನೆಸ್ ಅನಲಿಸ್ಟ್ ಆಗಿ ಎರಡೂ ಕಡೆಯವರ ನಡುವೆ ನಿಂತವಳು ನಾನು. ಹಳಬರ ಎಫ್‌ಬಿಐ ಉದಾಹರಣೆ ಸರಿ, ಆದರೆ ಅದರ ಮುಂದಿನ ಭಾಗವನ್ನೂ ಹೇಳಬೇಕು. ಅದರ ನಂತರ ಸೆಂಟಿನೆಲ್ ಎಂಬ ಪ್ರಾಜೆಕ್ಟ್ ಶುರು ಮಾಡಿದರು. ಅದೂ ತಡವಾಯಿತು, ಖರ್ಚು ಏರಿತು. 2010ರಲ್ಲಿ ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡಿತು. ತಂಡ ಚಿಕ್ಕದು ಮಾಡಿದರು. ಚಿಕ್ಕ ಚಿಕ್ಕ ಭಾಗಗಳಾಗಿ ಕಟ್ಟಿ ಆಗಾಗ ತೋರಿಸುತ್ತಾ ಹೋದರು. 2012ರಲ್ಲಿ ಎಲ್ಲರ ಬಳಕೆಗೆ ಬಂತು. ಎರಡು ಸಲವೂ ಬಳಕೆದಾರರು ಇದ್ದರು. ಮೊದಲ ಸಲ ಅವರ ಮಾತು ಕಾಗದಕ್ಕೆ ಹೋಯಿತು. ಎರಡನೇ ಸಲ ಅವರು ನಡೆಯುವ ಸಿಸ್ಟಮ್ ನೋಡಿ ಮಾತಾಡಿದರು. ಮುಂದೆ ಯಾವ ಭಾಗ ಅಂತ ತೀರ್ಮಾನಿಸುವವರೂ ಅಲ್ಲೇ ಇದ್ದರು.

ಬಳಸುವವರನ್ನು ಹೊರಗಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ ಆಂಬುಲೆನ್ಸ್ ಸೇವೆಯ ಪ್ರಕರಣ ಓದಬೇಕು. 1992ರ ಅಕ್ಟೋಬರ್ 26ರಂದು ಆಂಬುಲೆನ್ಸ್ ಕಳಿಸುವ ಹೊಸ ಕಂಪ್ಯೂಟರ್ ವ್ಯವಸ್ಥೆ ಶುರುವಾಯಿತು. ಯಾವ ಗಾಡಿ ಎಲ್ಲಿದೆ, ಖಾಲಿ ಇದೆಯೋ ಇಲ್ಲವೋ ಅನ್ನುವುದು ಕಂಪ್ಯೂಟರ್‌ಗೆ ಸದಾ ಸರಿಯಾಗಿ ಗೊತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಅದಕ್ಕೆ ಗಾಡಿಯ ಸಿಬ್ಬಂದಿ ಪ್ರತಿ ಹಂತದಲ್ಲೂ ಬಟನ್ ಒತ್ತಬೇಕು, ಸರಿಯಾದ ಕ್ರಮದಲ್ಲಿ. ಅವಸರದಲ್ಲಿ ಅದು ತಪ್ಪುತ್ತಿತ್ತು, ರೇಡಿಯೋ ಸಿಗ್ನಲ್ ಕೈಕೊಡುತ್ತಿತ್ತು. ಕಂಪ್ಯೂಟರ್‌ನ ಚಿತ್ರವೇ ತಪ್ಪಾಯಿತು. ಒಂದೇ ಕರೆಗೆ ಎರಡು ಗಾಡಿ ಹೋದವು, ಹತ್ತಿರದ ಗಾಡಿ ಬಿಟ್ಟು ದೂರದ್ದು ಹೋಯಿತು. ಎಚ್ಚರಿಕೆಯ ಸಂದೇಶಗಳು ಪರದೆ ತುಂಬಿ ಮೇಲಕ್ಕೆ ಸರಿದುಹೋದವು. ಆಂಬುಲೆನ್ಸ್ ಬರಲಿಲ್ಲ ಅಂತ ಜನ ಮತ್ತೆ ಮತ್ತೆ ಫೋನ್ ಮಾಡಿದರು, ಹೊರೆ ಇನ್ನೂ ಹೆಚ್ಚಾಯಿತು.

1993ರ ತನಿಖಾ ವರದಿಯಲ್ಲಿ ತಾಂತ್ರಿಕ ತಪ್ಪುಗಳ ಜೊತೆಗೆ ಒತ್ತಿ ಹೇಳಿದ್ದು ಇದು: ಸಿಬ್ಬಂದಿಗೆ ಈ ವ್ಯವಸ್ಥೆ ತಮ್ಮದು ಅನ್ನಿಸಿರಲಿಲ್ಲ, ಅದರ ಮೇಲೆ ನಂಬಿಕೆಯೂ ಇರಲಿಲ್ಲ. ಆಡಳಿತಕ್ಕೂ ಸಿಬ್ಬಂದಿಗೂ ಸಂಬಂಧ ಮೊದಲೇ ಹಳಸಿತ್ತು. ತರಬೇತಿಯನ್ನು ಬಹಳ ಮೊದಲೇ ಕೊಟ್ಟಿದ್ದರು, ಶುರುವಾಗುವ ಹೊತ್ತಿಗೆ ಕಲಿತದ್ದು ಮರೆತಿತ್ತು. ಅದೇ ಸಂಸ್ಥೆ ಮುಂದೆ 1996ರಲ್ಲಿ ಹೊಸ ವ್ಯವಸ್ಥೆ ತಂದಾಗ ನಿಧಾನವಾಗಿ, ಹಂತಹಂತವಾಗಿ, ಸಿಬ್ಬಂದಿಗೆ ಮಾದರಿ ತೋರಿಸಿ ತಿದ್ದುತ್ತಾ ಕಟ್ಟಿತು. ಅದು ನಿಂತಿತು. ಅದೇ ಸೇವೆ, ಅದೇ ಬಗೆಯ ಕೆಲಸ. ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಗೋದಾಮು_ನೋಡುವವನು

ನಾನು ಹೆಚ್ಚು ಓದಿಕೊಂಡವನಲ್ಲ, ಕಂಡಿದ್ದು ಹೇಳುತ್ತೇನೆ.

ನಮ್ಮ ಸಿಸ್ಟಮ್‌ನಲ್ಲಿ ಸ್ಟಾಕ್ ಸೊನ್ನೆಗಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಕೇಳಲು ಸರಿಯಾಗಿಯೇ ಇದೆ. ಆದರೆ ಸರಕು ಕಣ್ಣೆದುರು ಇರುತ್ತದೆ, ಕ್ವಾಲಿಟಿಯವರು ಪಾಸ್ ಮಾಡಿದ್ದಾರೆ, ಕಾಗದ ಮಾತ್ರ ಇನ್ನೂ ಬಂದಿಲ್ಲ. ಲಾರಿ ಬಾಗಿಲಲ್ಲಿ ನಿಂತಿದೆ. ಸಿಸ್ಟಮ್ ಹೇಳುತ್ತದೆ, ಸ್ಟಾಕ್ ಇಲ್ಲ, ಕಳಿಸಲು ಆಗಲ್ಲ. ಏನು ಮಾಡುವುದು? ನಮ್ಮ ಹುಡುಗರು ಒಂದು ಡಮ್ಮಿ ಐಟಂ ಕೋಡ್ ಮಾಡಿಕೊಂಡರು. ಅದರಲ್ಲಿ ಬಿಲ್ ಹೊಡೆದು ಲಾರಿ ಕಳಿಸಿ, ಆಮೇಲೆ ಸರಿಮಾಡುವುದು.

ಆಡಿಟ್‌ನಲ್ಲಿ ಸಿಕ್ಕಿತು. ದೊಡ್ಡ ಗಲಾಟೆ. ಗೋದಾಮಿನವರು ಕಳ್ಳಲೆಕ್ಕ ಬರೆಯುತ್ತಾರೆ ಎಂಬ ಮಾತು ಬಂತು. ಆಗ ಒಬ್ಬ ಡೆವಲಪರ್ ಮಾತ್ರ ಬಂದು ಕೇಳಿದ್ದು, "ಈ ಕೋಡ್ ನಿಮಗೆ ಯಾವಾಗ ಬೇಕಾಗುತ್ತದೆ? ಒಂದು ಸಲ ತೋರಿಸುತ್ತೀರಾ?" ಅಂತ. ತೋರಿಸಿದೆವು. ತಾತ್ಕಾಲಿಕ ಆವಕ ಅಂತ ಒಂದು ಎಂಟ್ರಿ ಮಾಡಿಕೊಟ್ಟರು, ಕಾಗದ ಬರುವ ಮೊದಲೇ ಸರಕು ಬಂದಿದೆ ಅಂತ ತೋರಿಸಲು. ಸಂಜೆಯೊಳಗೆ ಕಾಗದ ಸೇರಿಸದಿದ್ದರೆ ನನ್ನ ಹೆಸರಿಗೆ ಕೆಂಪು ಗುರುತು. ಡಮ್ಮಿ ಕೋಡ್ ತಾನಾಗಿಯೇ ನಿಂತುಹೋಯಿತು.

ನಾವು ಅಡ್ಡದಾರಿ ಹಿಡಿದಿದ್ದೇವೆ ಅಂದರೆ ನೇರ ದಾರಿ ಎಲ್ಲೋ ಮುಚ್ಚಿದೆ ಅಂತ. ಬೈಯುವ ಮೊದಲು ಬಂದು ನೋಡಿ.

ಕೋಡ್_ಬರೆಯುವವನು

ಗೋದಾಮಿನವರೇ, ಇದು ನಿಜಕ್ಕೂ ಕಣ್ಣು ತೆರೆಸುವ ಮಾತು. ಡೇಟಾಬೇಸ್‌ನಲ್ಲಿ ವಿಚಿತ್ರ ಕೋಡ್ ಕಂಡರೆ ನಮ್ಮ ತಂಡಗಳಲ್ಲಿ ಮೊದಲು ಬರುವ ಯೋಚನೆ "ಇದಕ್ಕೆ ಒಂದು ವ್ಯಾಲಿಡೇಶನ್ (ತಡೆಯುವ ತಪಾಸಣೆ) ಹಾಕಿ ಬಂದ್ ಮಾಡೋಣ" ಅಂತ. ಅದನ್ನು ಪ್ರಶ್ನೆಯಾಗಿ ಓದುವವರು ಕಡಿಮೆ.

ಹಳಬರಿಗೆ: ಹತ್ತಿರ ಇರುವುದು ಅಂದರೆ ಎಲ್ಲಕ್ಕೂ ಹೂಂ ಅನ್ನುವುದು ಅಂತ ನಾನು ಹೇಳುತ್ತಿಲ್ಲ. ನಂಬಿಕೆ ಇದ್ದ ಕಡೆ "ಇದು ಬೇಡ ಸರ್, ಯಾಕೆ ಅಂದರೆ..." ಅನ್ನುವುದೂ ಸುಲಭ. ಮೊದಲನೇ ಪ್ರಾಜೆಕ್ಟ್‌ನಲ್ಲಿ ಸ್ಟೋರ್‌ನವರು ಕೇಳಿದ್ದರಲ್ಲಿ ಬಹಳಷ್ಟನ್ನು ನಾವು ಮಾಡಲಿಲ್ಲ. ಜಗಳ ಆಗಲಿಲ್ಲ.

ಪಾಠ_ಹೇಳುವವರು

ಮಾಹಿತಿ ವ್ಯವಸ್ಥೆಗಳ ಬಗ್ಗೆ ಪಾಠ ಮಾಡುತ್ತೇನೆ. ಚರ್ಚೆಯಲ್ಲಿ ಒಂದು ವಿಷಯ ಇನ್ನೂ ಬಂದಿಲ್ಲ. ಅದು ಅಧಿಕಾರ.

ಬಳಕೆದಾರರನ್ನು ವಿನ್ಯಾಸದಲ್ಲಿ ಸೇರಿಸಬೇಕು ಅನ್ನುವ ಯೋಚನೆ ಅಜೈಲ್ (ಚಿಕ್ಕ ಚಿಕ್ಕ ಭಾಗಗಳಾಗಿ ಕಟ್ಟಿ ಆಗಾಗ ತೋರಿಸುವ ವಿಧಾನ) ಜೊತೆ ಬಂದಿದ್ದಲ್ಲ. 1970ರ ದಶಕದ ಆರಂಭದಲ್ಲೇ ನಾರ್ವೆಯಲ್ಲಿ ಕ್ರಿಸ್ಟನ್ ನೈಗಾರ್ಡ್ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಸೇರಿ ಕೆಲಸ ಮಾಡಿದರು. ಸಿಮ್ಯುಲಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಇಬ್ಬರಲ್ಲಿ ಅವರೊಬ್ಬರು, ಅಂದರೆ ಪಕ್ಕಾ ತಂತ್ರಜ್ಞ. ಕಾರ್ಖಾನೆಗೆ ಬರುವ ಕಂಪ್ಯೂಟರ್ ವ್ಯವಸ್ಥೆ ತಮ್ಮ ಕೆಲಸವನ್ನು ಹೇಗೆ ಬದಲಿಸುತ್ತದೆ ಅನ್ನುವುದು ಕಾರ್ಮಿಕರಿಗೆ ಅರ್ಥವಾಗಬೇಕು, ಅದರಲ್ಲಿ ಅವರ ಮಾತೂ ನಡೆಯಬೇಕು ಅನ್ನುವುದು ಅವರ ನಿಲುವು. ಅದರ ಫಲವಾಗಿ ಅಲ್ಲಿ ಕಾರ್ಮಿಕರಿಗೆ ಹೊಸ ವ್ಯವಸ್ಥೆಗಳ ಬಗ್ಗೆ ಮಾಹಿತಿ ಕೇಳುವ, ಪ್ರತಿನಿಧಿಯನ್ನು ಆರಿಸುವ ಹಕ್ಕು ಒಪ್ಪಂದದಲ್ಲೇ ಬಂತು. 1981ರಲ್ಲಿ ಶುರುವಾದ ಯುಟೋಪಿಯಾ ಯೋಜನೆಯಲ್ಲಿ ಪತ್ರಿಕೆಗಳ ಮುದ್ರಣ ಕೆಲಸಗಾರರ ಜೊತೆ ಸೇರಿ ಹೊಸ ಉಪಕರಣಗಳ ಮಾದರಿ ಮಾಡಿದರು. ಕಂಪ್ಯೂಟರ್ ಇನ್ನೂ ಇಲ್ಲದ ಕಡೆ ರಟ್ಟು, ಮರದ ಹಲಗೆಗಳಿಂದಲೇ ಪರದೆ, ಮೌಸ್ ಮಾಡಿ ಕೆಲಸ ಮಾಡಿ ನೋಡಿದರು. ಅದೇ ಕಾಲಕ್ಕೆ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್‌ನಲ್ಲಿ ಎನಿಡ್ ಮಮ್‌ಫರ್ಡ್ ಗುಮಾಸ್ತರೇ ತಮ್ಮ ಕೆಲಸದ ವ್ಯವಸ್ಥೆಯನ್ನು ವಿನ್ಯಾಸ ಮಾಡುವ ವಿಧಾನವನ್ನು ಬೆಳೆಸಿದರು.

ಇವರ್ಯಾರೂ ಸಂಬಂಧ ಚೆನ್ನಾಗಿರಲಿ ಅಂತ ಮಾತ್ರ ಹೇಳಲಿಲ್ಲ. ಯಾರ ಮಾತು ನಡೆಯುತ್ತದೆ ಅಂತ ಕೇಳಿದರು.

ಇನ್ನೊಂದು ಅಧ್ಯಯನ ಎಂ. ಲಿನ್ ಮಾರ್ಕಸ್ ಅವರದು, 1983ರದ್ದು. ಒಂದು ದೊಡ್ಡ ಕಂಪನಿಯಲ್ಲಿ ಹೊಸ ಲೆಕ್ಕಪತ್ರ ವ್ಯವಸ್ಥೆ ಬಂತು. ಮುಖ್ಯ ಕಚೇರಿಯ ಲೆಕ್ಕಿಗರು ಖುಷಿಪಟ್ಟರು. ವಿಭಾಗಗಳ ಲೆಕ್ಕಿಗರು ವರ್ಷಗಟ್ಟಲೆ ವಿರೋಧಿಸಿದರು, ಹಳೆಯ ಪುಸ್ತಕಗಳನ್ನೂ ಇಟ್ಟುಕೊಂಡರು. ಸಿಸ್ಟಮ್ ಕೆಟ್ಟದು, ಅಥವಾ ಜನ ಹಟಮಾರಿಗಳು ಅಂತ ಹೇಳಿ ಮುಗಿಸಬಹುದಿತ್ತು. ಮಾರ್ಕಸ್ ತೋರಿಸಿದ್ದು ಬೇರೆ. ಮೊದಲು ಅಂಕಿಅಂಶ ವಿಭಾಗಗಳ ಕೈಯಲ್ಲಿತ್ತು. ಹೊಸ ವ್ಯವಸ್ಥೆ ಅದನ್ನು ಮುಖ್ಯ ಕಚೇರಿಗೆ ಕೊಟ್ಟಿತು. ಒಂದೇ ಸ್ಕ್ರೀನ್ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ.

ಹಾಗಾಗಿ ಮೂಲ ಪೋಸ್ಟ್‌ಗೆ ನನ್ನ ಪ್ರಶ್ನೆ: ನೀವು "ಬಳಸುವವರು" ಅನ್ನುವಾಗ ಯಾರನ್ನು ಹೇಳುತ್ತೀರಿ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ ಬಳಸುವವರ ನಡುವೆಯೇ ಇದ್ದರೆ, ಡೆವಲಪರ್ ಯಾರಿಗೆ ಹತ್ತಿರವಾಗಬೇಕು?

ಲೆಕ್ಕದ_ಮನೆ

ಸರ್, ನಮ್ಮಲ್ಲೂ ಇದೇ. ಪಾವತಿ ಒಪ್ಪಿಗೆ ಆನ್‌ಲೈನ್ ಆದಾಗ ನಮಗೆ ಅನುಕೂಲ ಆಯಿತು. ಖರೀದಿಯವರಿಗೆ ಬಹಳ ಕೋಪ ಬಂತು. ಮೊದಲು ಅವರು ಫೋನ್‌ನಲ್ಲಿ ಹೇಳಿ ಬೇಗ ಮಾಡಿಸಿಕೊಳ್ಳುತ್ತಿದ್ದರು. ಈಗ ಯಾರು ಎಷ್ಟು ದಿನ ಇಟ್ಟುಕೊಂಡರು ಅಂತ ಎಲ್ಲರಿಗೂ ಕಾಣುತ್ತದೆ. "ಸ್ಕ್ರೀನ್ ನಿಧಾನ" ಅಂತ ಅವರು ಹಾಕಿದ ಟಿಕೆಟ್‌ಗಳನ್ನು ಡೆವಲಪರ್‌ಗಳು ನಿಜ ಅಂದುಕೊಂಡು ಸರ್ವರ್ ಪರೀಕ್ಷೆ ಮಾಡುತ್ತಾ ಕುಳಿತಿದ್ದರು.

ಕೋಡ್_ಬರೆಯುವವನು

ಪಾಠ ಹೇಳುವವರೇ, ಈ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಇಷ್ಟು ಹೇಳಬಲ್ಲೆ. ಎರಡು ವಿಭಾಗಗಳ ಜಗಳವನ್ನು ಡೆವಲಪರ್ ತೀರಿಸಲು ಹೋಗಬಾರದು. ಆದರೆ ಅದನ್ನು ಸ್ಕ್ರೀನ್‌ನ ಹಿಂದೆ ಮುಚ್ಚಿಡಲೂಬಾರದು. "ಈ ನಿಯಮ ಹಾಕಿದರೆ ಖರೀದಿಯವರ ಕೈಯಿಂದ ಇದು ಹೋಗುತ್ತದೆ, ಇದು ನಿಮ್ಮ ತೀರ್ಮಾನ" ಅಂತ ಮೇಲಿನವರ ಮುಂದೆ ಬರೆದು ಇಡಬೇಕು. ಬಹಳ ಪ್ರಾಜೆಕ್ಟ್‌ಗಳಲ್ಲಿ ಇಂಥ ತೀರ್ಮಾನಗಳನ್ನು ಕೋಡ್ ಬರೆಯುವ ಹುಡುಗರು ಯಾರಿಗೂ ಗೊತ್ತಿಲ್ಲದೆ ಮಾಡಿಬಿಟ್ಟಿರುತ್ತಾರೆ.

ಇಆರ್‌ಪಿ_ಹಳಬ

ಇದನ್ನು ಪೂರ್ತಿ ಒಪ್ಪುತ್ತೇನೆ.

ಪಾಠ ಹೇಳುವವರನ್ನು ಒಂದು ಕೇಳಬೇಕು. ಬಳಕೆದಾರರು ಸೇರಿದರೆ ಪ್ರಾಜೆಕ್ಟ್ ಗೆಲ್ಲುತ್ತದೆ ಅನ್ನುವುದಕ್ಕೆ ಸಂಶೋಧನೆಯಲ್ಲಿ ಗಟ್ಟಿ ಆಧಾರ ಇದೆಯಾ? ಐಟಿ ಪ್ರಾಜೆಕ್ಟ್‌ಗಳ ಬಗ್ಗೆ ಸ್ಟ್ಯಾಂಡಿಶ್ ಗ್ರೂಪ್ ಎಂಬ ಸಂಶೋಧನಾ ಕಂಪನಿಯ 1994ರ ಕೇಯಾಸ್ ವರದಿಯಲ್ಲಿ ಗೆಲುವಿನ ಮೊದಲ ಕಾರಣವಾಗಿ ಬಳಕೆದಾರರ ಪಾಲ್ಗೊಳ್ಳುವಿಕೆಯನ್ನೇ ಕೊಟ್ಟಿದ್ದರು. ಎಲ್ಲ ಸ್ಲೈಡ್‌ಗಳಲ್ಲೂ ಅದನ್ನೇ ಹಾಕುತ್ತಾರೆ.

ಪಾಠ_ಹೇಳುವವರು

ಅದು ಐಟಿ ಅಧಿಕಾರಿಗಳ ಅಭಿಪ್ರಾಯ ಕೇಳಿ ಮಾಡಿದ ಪಟ್ಟಿ. ಅದರ ಅಳತೆಯ ವಿಧಾನವನ್ನು ಸಂಶೋಧಕರು ಟೀಕಿಸಿದ್ದಾರೆ, ಹಾಗಾಗಿ ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ. 1984ರಲ್ಲಿ ಐವ್ಸ್ ಮತ್ತು ಓಲ್ಸನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರು. ಪಾಲ್ಗೊಂಡರೆ ಲಾಭ ಅಂತ ಖಚಿತವಾಗಿ ಹೇಳುವಷ್ಟು ಆಧಾರ ಸಿಗಲಿಲ್ಲ. ನೀವು ಅನುಮಾನಿಸುವುದರಲ್ಲಿ ತಪ್ಪಿಲ್ಲ.

ಆಮೇಲೆ ಬಾರ್ಕಿ ಮತ್ತು ಹಾರ್ಟ್‌ವಿಕ್ ಒಂದು ಬೇರ್ಪಡಿಕೆ ಮಾಡಿದರು. ಮೀಟಿಂಗ್‌ಗೆ ಬರುವುದು, ಸಹಿ ಹಾಕುವುದು, ಟೆಸ್ಟ್ ಮಾಡುವುದು ಒಂದು. ಈ ಸಿಸ್ಟಮ್ ನನಗೆ ಮುಖ್ಯ, ನನ್ನ ಕೆಲಸಕ್ಕೆ ಸೇರಿದ್ದು ಅನ್ನಿಸುವುದು ಇನ್ನೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬರುವುದಿಲ್ಲ. ಮೇಲೆ ಮೇಡಂ ಹೇಳಿದ ಡೆಮೊ ನೋಡಿ. ಹಾಜರಿ ಪುಸ್ತಕದಲ್ಲಿ ಅವರು ಪಾಲ್ಗೊಂಡಿದ್ದಾರೆ. ಆದರೆ ಮಾತಾಡಿಲ್ಲ. ಇಂಥ ಹಾಜರಿಯನ್ನು ಎಣಿಸಿದರೆ ಅಧ್ಯಯನಗಳಲ್ಲಿ ಗೊಂದಲ ಬರದೆ ಇನ್ನೇನು?

ಟೆಂಡರ್_ಕಡತ

ತಡವಾಗಿ ಬಂದೆ. ಸಂಬಂಧ, ನಂಬಿಕೆ ಎಲ್ಲ ಸರಿ. ಆದರೆ ಸಂಬಂಧ ಹೇಗಿರಬೇಕು ಅಂತ ಒಪ್ಪಂದ ಮೊದಲೇ ತೀರ್ಮಾನ ಮಾಡಿರುತ್ತದೆ. ನಾನು ಐಟಿ ಒಪ್ಪಂದಗಳನ್ನು ನೋಡುವ ಕೆಲಸದಲ್ಲಿದ್ದೇನೆ.

ಸ್ಥಿರ ಬೆಲೆಯ ಒಪ್ಪಂದ ಇದ್ದರೆ ಏನಾಗುತ್ತದೆ? ಬಳಸುವವರು ಒಂದು ತೊಂದರೆ ತೋರಿಸುತ್ತಾರೆ. ಅದು ದೋಷ ಅಂತಾದರೆ ಮಾರಾಟಗಾರರ ಖರ್ಚು, ಬದಲಾವಣೆ ಅಂತಾದರೆ ಗ್ರಾಹಕರ ಖರ್ಚು. ಹಾಗಾಗಿ ತೊಂದರೆ ಏನು ಅಂತ ಯಾರೂ ಮೊದಲು ಕೇಳುವುದಿಲ್ಲ. ಯಾರ ಖರ್ಚು ಅಂತ ಕೇಳುತ್ತಾರೆ. ಎರಡೂ ಕಡೆಯವರು ಬಾಯಿ ಬಿಗಿಹಿಡಿದು ಮಾತಾಡುತ್ತಾರೆ, ಮೇಲ್‌ಗಳಲ್ಲಿ ಪ್ರತಿ ಪದವನ್ನೂ ತೂಗುತ್ತಾರೆ. ಡೆವಲಪರ್ ನೇರವಾಗಿ ಬಳಕೆದಾರರ ಜೊತೆ ಮಾತಾಡಬಾರದು ಅನ್ನುವ ನಿಯಮ ಹುಟ್ಟುವುದೇ ಇಲ್ಲಿ. ಅವರು ಏನಾದರೂ ಒಪ್ಪಿಕೊಂಡುಬಿಟ್ಟರೆ ಎಂಬ ಭಯ.

2001ರ ಅಜೈಲ್ ಪ್ರಣಾಳಿಕೆ ಒಪ್ಪಂದದ ಚೌಕಾಸಿಗಿಂತ ಗ್ರಾಹಕರ ಜೊತೆಗಿನ ಸಹಕಾರಕ್ಕೆ ಬೆಲೆ ಕೊಟ್ಟಿದ್ದು ಇದನ್ನೆಲ್ಲ ಕಂಡೇ. ಆದರೆ ಟೆಂಡರ್ ಹಳೆಯ ರೀತಿಯದೇ ಇಟ್ಟು ಬೆಳಗಿನ ಸ್ಟ್ಯಾಂಡ್-ಅಪ್ ಮೀಟಿಂಗ್ ಮಾಡಿದರೆ ಏನೂ ಆಗುವುದಿಲ್ಲ. ನಾನು ಈಗ ಒಪ್ಪಂದದಲ್ಲೇ ಬದಲಾವಣೆಗೆ ಅಂತ ಒಂದಷ್ಟು ಗಂಟೆಗಳನ್ನು ಮೊದಲೇ ಮೀಸಲಿಡಿ ಅನ್ನುತ್ತೇನೆ. ಅದನ್ನು ಖರ್ಚು ಮಾಡುವ ಅಧಿಕಾರ ಬಳಸುವ ವಿಭಾಗಕ್ಕೇ ಇರಬೇಕು. ಗಂಟೆಗಳು ಸೀಮಿತ ಆಗಿರುವುದರಿಂದ ಅವರೂ ಯೋಚಿಸಿ ಕೇಳುತ್ತಾರೆ. ಹಳಬರು ಹೇಳಿದ ಕೊನೆಯಿಲ್ಲದ ಬೇಡಿಕೆಗೂ ಇದು ಸ್ವಲ್ಪ ಕಡಿವಾಣ.

ಸಪೋರ್ಟ್_ಸಾಲು

ನೀವೆಲ್ಲ ಕಟ್ಟುವ ಕಾಲದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಸಪೋರ್ಟ್‌ನವನು. ಗೋ-ಲೈವ್ ಆದ ಮೇಲೆ, ಅಂದರೆ ಸಿಸ್ಟಮ್ ಬಳಕೆಗೆ ಬಂದ ಮೇಲೆ, ತಂಡ ಹೊರಟುಹೋಗುತ್ತದೆ, ಸಂಬಂಧ ಅಂತ ಉಳಿಯುವುದು ನಮ್ಮ ಫೋನ್ ಲೈನ್ ಮಾತ್ರ. ಅದು ಮುರಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಪ್ರಕರಣ ಇದೆ. ಅದರ ಬಗ್ಗೆ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1999ರಿಂದ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ಸಿಸ್ಟಮ್ ಅಲ್ಲಿನ ಅಂಚೆ ಶಾಖೆಗಳಿಗೆ ಬಂತು. ಶಾಖೆ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಅವರು ಸಹಾಯವಾಣಿಗೆ ಫೋನ್ ಮಾಡಿದರು. ಈ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮಗೊಬ್ಬರಿಗೇ ಅಂತ ಎಷ್ಟೋ ಜನರಿಗೆ ಉತ್ತರ ಬಂತು. ಅವರವರು ಒಂಟಿಯಾದರು. ಕೈಯಿಂದ ಹಣ ಕಟ್ಟಿದರು, ಮನೆ ಕಳೆದುಕೊಂಡರು, ಜೈಲಿಗೂ ಹೋದರು. 900ಕ್ಕೂ ಹೆಚ್ಚು ಜನರ ಮೇಲೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಯಾಯಿತು. 2019ರಲ್ಲಿ ಹೈಕೋರ್ಟ್ ತೀರ್ಪು ಬಂತು. ಸಿಸ್ಟಮ್‌ನಲ್ಲಿ ದೋಷಗಳಿದ್ದವು, ಶಾಖೆಯವರಿಗೆ ಗೊತ್ತಿಲ್ಲದಂತೆ ದೂರದಿಂದಲೇ ಲೆಕ್ಕ ಬದಲಿಸಲು ಸಾಧ್ಯವಿತ್ತು ಅಂತ ಹೇಳಿತು. 2024ರಲ್ಲಿ ಕಾನೂನು ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ಬಗ್ ಎಲ್ಲ ಸಿಸ್ಟಮ್‌ನಲ್ಲೂ ಇರುತ್ತದೆ. ಅಲ್ಲಿ ಬಳಸುವವರು "ಇದು ತಪ್ಪು" ಅಂತ ಹೇಳುತ್ತಲೇ ಇದ್ದರು, ಕಂಪ್ಯೂಟರ್ ಸರಿ, ಮನುಷ್ಯ ತಪ್ಪು ಅಂತ ಮೊದಲೇ ತೀರ್ಮಾನ ಆಗಿತ್ತು. ಅದಕ್ಕೇ ನಮ್ಮ ತಂಡಕ್ಕೆ ನಾನು ಒಂದು ಮಾತು ಹೇಳುತ್ತಿರುತ್ತೇನೆ. ಒಬ್ಬರು ದೂರು ಕೊಟ್ಟಾಗ ಹಿಂದೆ ಯಾರಾದರೂ ಇದನ್ನೇ ಹೇಳಿದ್ದಾರಾ ಅಂತ ಹುಡುಕಿ, ಇದ್ದರೆ ಅವರಿಗೆ ಅದನ್ನು ತಿಳಿಸಿ.

ನಡುವಿನ_ಬಿಎ

ಸಪೋರ್ಟ್‌ನವರೇ, ಇದನ್ನು ಎಲ್ಲ ತಂಡದವರೂ ಓದಬೇಕು. ಧನ್ಯವಾದ.

ಸಾವಿರಾರು ಜನ ಬಳಸುವ ಸಿಸ್ಟಮ್ ಆದಾಗ ಯಾರ ಪಕ್ಕದಲ್ಲಿ ಕೂರುವುದು ಅನ್ನುವ ಪ್ರಶ್ನೆ ಬರುತ್ತದೆ. ಎಲ್ಲರ ಜೊತೆ ಆಗುವುದಿಲ್ಲ. ಆದರೆ ಯಾರನ್ನು ಕಳೆದುಕೊಳ್ಳಬಾರದು ಅನ್ನುವುದು ಗೊತ್ತಿರಬೇಕು. ಕೆನಡಾ ಸರ್ಕಾರ 2016ರಲ್ಲಿ ಫೀನಿಕ್ಸ್ ಎಂಬ ಸಂಬಳದ ವ್ಯವಸ್ಥೆ ತಂದಿತು, ಸುಮಾರು 2,90,000 ನೌಕರರಿಗೆ. ಬೇರೆ ಬೇರೆ ಇಲಾಖೆಗಳಲ್ಲಿ ಸಂಬಳದ ನಿಯಮಗಳನ್ನು ಬಲ್ಲ ಸಲಹೆಗಾರರಿದ್ದರು. ವ್ಯವಸ್ಥೆ ಬರುವ ಮೊದಲೇ ಅವರ ಕೆಲಸವನ್ನು ಒಂದೇ ಕೇಂದ್ರಕ್ಕೆ ಸೇರಿಸಿ ಹುದ್ದೆಗಳನ್ನು ಕಡಿಮೆ ಮಾಡಿದರು. ಖರ್ಚು ಉಳಿಸಲು ಕೆಲವು ಸೌಲಭ್ಯಗಳನ್ನು ಕೈಬಿಟ್ಟರು. ಪ್ರಾಯೋಗಿಕ ಓಟವನ್ನೂ ರದ್ದು ಮಾಡಿದರು. ಆಮೇಲೆ ಸಂಬಳ ಕಡಿಮೆ ಬಂದವರು, ಬರದೇ ಇದ್ದವರು, ಜಾಸ್ತಿ ಬಂದು ವಾಪಸ್ ಕಟ್ಟಬೇಕಾದವರು, ಲೆಕ್ಕವಿಲ್ಲ. ಅಲ್ಲಿನ ಮಹಾಲೆಕ್ಕ ಪರಿಶೋಧಕರು 2018ರಲ್ಲಿ ಇದನ್ನು ಅರ್ಥಕ್ಕೆ ನಿಲುಕದ ವೈಫಲ್ಯ ಅಂದರು. ಎಲ್ಲಿ ತಪ್ಪುತ್ತಿದೆ ಅಂತ ಮೊದಲ ದಿನವೇ ಹೇಳಬಲ್ಲವರನ್ನು ಮೊದಲೇ ಮನೆಗೆ ಕಳಿಸಿದ್ದರು.

ಇಆರ್‌ಪಿ_ಹಳಬ

ಇದರ ಇನ್ನೊಂದು ಮುಖವೂ ಇದೆ. ಎಲ್ಲ ಬಲ್ಲ ಒಬ್ಬರ ಮೇಲೇ ಭಾರ ಹಾಕುವುದು. ಕ್ರೈಸ್ಲರ್ ಕಾರು ಕಂಪನಿಯ ಸಿ3 ಸಂಬಳದ ಪ್ರಾಜೆಕ್ಟ್ 1990ರ ದಶಕದ್ದು. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ವಿಧಾನ ರೂಪುಗೊಂಡಿದ್ದೇ ಅಲ್ಲಿ. ಗ್ರಾಹಕರ ಒಬ್ಬ ಪ್ರತಿನಿಧಿ ತಂಡದ ಜೊತೆಯಲ್ಲೇ ಇರಬೇಕು ಅನ್ನುವುದು ಅದರ ಮುಖ್ಯ ನಿಯಮ. ಮೊದಲ ಭಾಗ 1997ರಲ್ಲಿ ಶುರುವಾಯಿತು. ಆಮೇಲೆ ಆ ಪ್ರತಿನಿಧಿ ಒತ್ತಡ ತಾಳಲಾರದೆ ಕೆಲಸ ಬಿಟ್ಟರು, ಅವರ ಜಾಗ ತುಂಬಲು ಆಗಲಿಲ್ಲ. 2000ದಲ್ಲಿ ಪ್ರಾಜೆಕ್ಟ್ ನಿಂತುಹೋಯಿತು. ಬಳಸುವವರನ್ನು ಹತ್ತಿರ ಕರೆಯಿರಿ ಅನ್ನುವವರು ಅವರ ದಿನದ ಕೆಲಸ ಯಾರು ಮಾಡುತ್ತಾರೆ ಅಂತಲೂ ಹೇಳಬೇಕು.

ಲೆಕ್ಕದ_ಮನೆ

ಹಳಬರು ಈ ಮಾತು ಎತ್ತಿದ್ದಕ್ಕೆ ಖುಷಿ ಆಯಿತು. ನಮ್ಮನ್ನು "ಕೀ ಯೂಸರ್" (ವಿಭಾಗದ ಪರವಾಗಿ ಸಿಸ್ಟಮ್ ಪರೀಕ್ಷಿಸುವವರು) ಅಂತ ಮಾಡುತ್ತಾರೆ, ಕೆಲಸ ಮಾತ್ರ ಕಡಿಮೆ ಮಾಡುವುದಿಲ್ಲ. ಹಗಲು ಯುಎಟಿ, ರಾತ್ರಿ ನಮ್ಮ ಎಂಟ್ರಿ. ಆಗ ಯಾರಾದರೂ ಟಿಕ್ ಹಾಕಿ ಮುಗಿಸುತ್ತಾರೆ, ಅದು ಸೋಮಾರಿತನ ಅಲ್ಲ.

ಕೋಡ್_ಬರೆಯುವವನು

ಎಲ್ಲರ ಮಾತು ಓದಿದ ಮೇಲೆ ನನ್ನ ವಾದವನ್ನು ಸ್ವಲ್ಪ ಬದಲಿಸುತ್ತೇನೆ. ದಾರಿ ಚಿಕ್ಕದಿದ್ದರೆ ಸಾಲದು. ಹೇಳುವವರಿಗೆ ಹೊತ್ತು ಬೇಕು, ಹೇಳಿದ್ದಕ್ಕೆ ಶಿಕ್ಷೆ ಇರಬಾರದು, ಕೇಳಿದ ಮೇಲೆ ತೀರ್ಮಾನ ಮಾಡುವವರು ಒಬ್ಬರಿರಬೇಕು. ಇವುಗಳಲ್ಲಿ ಡೆವಲಪರ್ ಕೈಯಲ್ಲಿ ಇರುವುದು ಬಹಳ ಕಡಿಮೆ ಅನ್ನುವುದೂ ಈಗ ಕಾಣುತ್ತಿದೆ.

ಮುಂದಿನ ವಾರ ಹೊಸ ಪ್ರಾಜೆಕ್ಟ್ ಶುರು. ವಿತರಣೆ ಮತ್ತು ಬಿಲ್ಲಿಂಗ್. ಬಳಸುವವರ ಜೊತೆ ಮೊದಲ ಭೇಟಿಯಲ್ಲಿ ನಾನು ಏನು ಕೇಳಬೇಕು ಅಂತ ಅನ್ನಿಸುತ್ತದೆ? ನೀವೆಲ್ಲ ಆ ಕಡೆ ಕೂತವರು, ಹೇಳಿ.

ಗೋದಾಮು_ನೋಡುವವನು

ಕೇಳಬೇಡಿ ಸರ್, ಬನ್ನಿ. ತಿಂಗಳ ಕೊನೆಯ ದಿನ ಸಂಜೆ ಲೋಡಿಂಗ್ ನಡೆಯುವಾಗ ಬನ್ನಿ. ಬೆಳಗ್ಗೆ ಹತ್ತಕ್ಕೆ ಬಂದರೆ ಎಲ್ಲ ನಿಯಮದ ಪ್ರಕಾರವೇ ಕಾಣುತ್ತದೆ.

ಲೆಕ್ಕದ_ಮನೆ

ನಾನಾಗಿದ್ದರೆ ನಿಮಗೆ ಈ ಪ್ರಶ್ನೆ ಕೊಡುತ್ತಿದ್ದೆ: "ಸಿಸ್ಟಮ್ ಬಿಟ್ಟು ಬೇರೆ ಎಲ್ಲೆಲ್ಲಿ ಬರೆದಿಟ್ಟುಕೊಳ್ಳುತ್ತೀರಿ?" ನೋಟ್‌ಬುಕ್, ಎಕ್ಸೆಲ್, ಮಾನಿಟರ್‌ಗೆ ಅಂಟಿಸಿದ ಚೀಟಿ, ವಾಟ್ಸಾಪ್ ಗ್ರೂಪ್, ಎಲ್ಲ ತೋರಿಸಲು ಹೇಳಿ. ಬಾಸ್ ಇಲ್ಲದಾಗ ಕೇಳಿ.

ಇನ್ನೊಂದು. ಹೋದ ತಿಂಗಳ ಗೋಜಲಾದ ಬಿಲ್‌ಗಳನ್ನು ಅವರ ಕೈಯಿಂದಲೇ ಆರಿಸಿ ಇಟ್ಟುಕೊಳ್ಳಿ. ಯುಎಟಿಯಲ್ಲಿ ನಿಮ್ಮ ಸ್ಕ್ರಿಪ್ಟ್ ಬದಲು ಅವನ್ನೇ ಓಡಿಸಿ. ಆ ವಾರ ಅವರ ಎಂಟ್ರಿ ಕೆಲಸಕ್ಕೆ ಬೇರೆ ಯಾರನ್ನಾದರೂ ಕೂರಿಸಬೇಕು ಅಂತ ಅವರ ಮ್ಯಾನೇಜರ್‌ಗೆ ಈಗಲೇ ಬರೆದು ಕೇಳಿ, ಪ್ಲಾನ್‌ನಲ್ಲಿ ದಿನಾಂಕ ಸಮೇತ ಹಾಕಿಸಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಟೆಂಡರ್_ಕಡತ

ಮತ್ತೆ ಆ ಬಿಲ್‌ಗಳ ಪಟ್ಟಿಯನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಲು ಸಾಧ್ಯವಾ ನೋಡಿ. ಇವು ಸರಿಯಾಗಿ ಓಡಿದರೆ ಮಾತ್ರ ಒಪ್ಪಿಗೆ ಅಂತ ಬರೆಸಿ. ಬೇಕಾದರೆ ಅದರ ಕರಡು ಮಾಡಲು ನಾನು ಸಹಾಯ ಮಾಡುತ್ತೇನೆ, ಇಲ್ಲಿಯೇ ಹಾಕುತ್ತೇನೆ.